ಇಟಲಿ ಅತ್ತೆಯ ಹನ್ನೊಂದು ವಾರ

ಆ ಮನೆಯಲ್ಲಿ ‘ಸುಮಾರು’ ಎಂಬ ಮಾತಿಗೆ ಪ್ರವೇಶವಿರಲಿಲ್ಲ. ಮೂವತ್ತೆಂಟು ವರ್ಷ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆದು ನಿವೃತ್ತನಾದ ಯಜಮಾನನನ್ನು ಬೀದಿಯವರೆಲ್ಲ ಟರ್ನರಪ್ಪ ಎಂದೇ ಕರೆಯುತ್ತಿದ್ದರು. ಕಾರ್ಖಾನೆಯಲ್ಲಿ ಅವನ ಕೈಕೆಳಗೆ ಕಲಿಯಲು ಬಂದವರು ಮೊದಲ ದಿನವೇ ಕೇಳಬೇಕಾದ ಪಾಠ ಒಂದಿತ್ತು: “ಸುಮಾರು ಅನ್ನೋದು ಉಪ್ಪಿಗೆ ಕಣೋ, ಕಬ್ಬಿಣಕ್ಕಲ್ಲ.” ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿ, ಅದರಲ್ಲೊಂದು ಪಾಲು ಎಲ್ಲಿ ಹೋಯಿತೆಂದು ಜಬರಿಸುವ ಮನುಷ್ಯ. ಮನೆಯಲ್ಲೂ ಅದೇ ಗತ್ತು. ಬಾಗಿಲು ಕಿರುಗುಟ್ಟಬಾರದು, ನಲ್ಲಿ ತೊಟ್ಟಿಕ್ಕಬಾರದು, ಊಟದ ಮೇಜಿನ ನಾಲ್ಕು ಕಾಲೂ ನೆಲ ಮುಟ್ಟಿರಬೇಕು.

ಅಂಥ ಮನೆಗೆ ಹದಿನಾಲ್ಕು ವರ್ಷ ಹಳೆಯ ಇಟಲಿ ಕಾರು ಬಂತು.

ಬಂದದ್ದು ಮಗಳಿಗಾಗಿ. ಗಂಡನಿಂದ ಬೇರೆಯಾಗಿ, ಬೆಳೆದ ಮಗಳೊಬ್ಬಳೊಂದಿಗೆ ತವರಿಗೆ ಮರಳಿದ ಅವಳು ಎರಡು ವರ್ಷ ಆಸ್ಪತ್ರೆಯಲ್ಲಿ ರಜೆ ಹಾಕಿದವರ ಬದಲಿಗೆ ದುಡಿದಿದ್ದಳು. ಈಗ ಕಾಯಂ ಆಗಬಹುದಾದ ಕೆಲಸವೊಂದು ಒದಗಿತ್ತು: ಒಂಟಿ ಮುದುಕರ, ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಟ್ಟು, ಗಾಯ ಕಟ್ಟಿ ಬರುವ ನರ್ಸಿನ ಕೆಲಸ. ಷರತ್ತು ಎರಡೇ. ಸ್ವಂತ ಕಾರಿರಬೇಕು; ಮೊದಲ ಮೂರು ತಿಂಗಳು ಒಂದು ಭೇಟಿಯೂ ತಪ್ಪಬಾರದು.

“ಇಟಲಿದು ಬೇಡ,” ಎಂದಿದ್ದ ಟರ್ನರಪ್ಪ ಊಟದ ಮೇಜಿನಲ್ಲಿ. “ಟ್ಯಾಕ್ಸಿಯವರು ಓಡಿಸ್ತಾರಲ್ಲ, ಡಬ್ಬಿ ಥರದ್ದು, ಅದು ತಗೋ. ಕೆಟ್ಟರೆ ಬೀದಿ ಮೂಲೆಯ ಅಂಗಡೀಲೂ ಸಾಮಾನು ಸಿಗುತ್ತೆ.”

“ನಮ್ಮ ದುಡ್ಡಿಗೆ ಸಿಗೋ ಡಬ್ಬಿ ಅಂದ್ರೆ ಟ್ಯಾಕ್ಸಿಗೆ ಓಡಿ ಓಡಿ ನಾಲಿಗೆ ಹೊರಗೆ ಹಾಕಿರೋದೇ ಅಪ್ಪ. ಇದನ್ನ ಒಬ್ಬ ಹಲ್ಲಿನ ಡಾಕ್ಟರು ಓಡಿಸ್ತಿದ್ರಂತೆ. ಸಣ್ಣ ಗಲ್ಲೀಲೂ ನುಗ್ಗುತ್ತೆ.”

“ಡಾಕ್ಟರು ಹಲ್ಲು ನೋಡಿರ್ತಾರೆ, ಎಂಜಿನ್ ನೋಡಿರಲ್ಲ. ಅದನ್ನ ಮಾರಿದ ಷೋರೂಮೇ ಈಗ ಬೀಗ ಹಾಕಿದೆ. ನಾಳೆ ಒಂದು ಬೋಲ್ಟ್ ಬೇಕು ಅಂದ್ರೆ ಹಡಗು ಹತ್ತಿ ಹೋಗ್ತೀಯಾ?”

“ಅಮ್ಮಂಗೆ ಅದರ ಮುಖ ಇಷ್ಟ ಆಗಿದೆ ತಾತ,” ಎಂದು ಮೊಮ್ಮಗಳು ನಕ್ಕಳು. ಕಾಲೇಜಿನ ಮೊದಲ ವರ್ಷದ ಹುಡುಗಿ, ನಾಲಿಗೆಗೆ ಬ್ರೇಕಿಲ್ಲ. “ಅಮ್ಮ ಮುಖ ನೋಡಿ ಆರಿಸಿದ್ದು ಇದು ಎರಡನೇ ಸಲ.”

“ಬಾಯಿ ಮುಚ್ಚೇ!” ಎಂದಳು ಮಗಳು. ಆದರೆ ಅವಳೂ ನಕ್ಕಳು.

ಹಾಗೆ ಬಂತು, ಹಿಂದೆ ಡಿಕ್ಕಿಯಿಲ್ಲದ, ಮೊಂಡುಬಾಲದ, ಮಾಗಿದ ನಿಂಬೆಯ ಬಣ್ಣದ ಹ್ಯಾಚ್‌ಬ್ಯಾಕ್. ಅದಕ್ಕೆ ತೆತ್ತದ್ದು ಟರ್ನರಪ್ಪನ ಗಂಟು. ಆ ಗಂಟು ಯಾವುದಕ್ಕಾಗಿ ಕಟ್ಟಿದ್ದೆಂದು ಬಲ್ಲವಳು ಅವನ ಹೆಂಡತಿ ಒಬ್ಬಳೇ. ತಟ್ಟೆ ತೊಳೆಯುತ್ತ, ನೀರಿನ ಸದ್ದಿನ ಮರೆಯಲ್ಲಿ ಅವಳೆಂದಳು:

“ಕಣ್ಣಿನ ದುಡ್ಡು ರೀ ಅದು.”

“ಆರು ತಿಂಗಳು ತಡೀಬಹುದು ಅಂದಿದಾರಲ್ಲ ಡಾಕ್ಟರು.”

“ಅಂದಿದ್ದು ಆರು ತಿಂಗಳ ಹಿಂದೆ.”

“ಅವಳ ಕೆಲಸ ಕಾಯಂ ಆಗ್ಲಿ. ಆಮೇಲೆ ನನ್ನ ಪೊರೆ ಎಲ್ಲಿಗೂ ಓಡಿಹೋಗಲ್ಲ. ಮಕ್ಕಳ ಮುಂದೆ ಬಾಯಿ ಬಿಟ್ಟೀಯ, ಹುಷಾರ್.”

ಅವಳು ಬಾಯಿ ಬಿಡಲಿಲ್ಲ. ಅದರ ಬದಲು ಬೇರೊಂದು ರೂಢಿ ಮಾಡಿಕೊಂಡಳು. ಬಡಿಸುವಾಗ ಪ್ರತಿಸಲವೂ, ಯಾರಿಗೋ ಹೇಳುವಂತೆ, “ಆಲೂಗಡ್ಡೆ ಬಲಗಡೆ, ಮೊಟ್ಟೆ ಎಡಗಡೆ, ನೀರಿನ ಲೋಟ ಮೂಲೇಲಿ,” ಎನ್ನುವಳು. ಮುದುಕಿಗೆ ವಯಸ್ಸಾಯಿತು, ಇದ್ದದ್ದನ್ನೇ ಒದರುತ್ತಾಳೆ ಎಂದು ಉಳಿದವರು ತಿಳಿದರು. ಮಂಜು ಕವಿದ ತಟ್ಟೆಯ ಮೇಲೆ ಟರ್ನರಪ್ಪನ ಚಮಚ ಆ ಮಾತಿನ ದಾರಿ ಹಿಡಿದು ತಪ್ಪದೆ ನಡೆಯುತ್ತಿತ್ತು.

ಮೊದಲ ವಾರವೇ ಕಾರು ತನ್ನ ಗುಣ ತೋರಿಸಿತು. ಕಿಟಕಿಯ ಗಾಜು ಬಾಗಿಲಿನೊಳಗೆ ಕುಸಿದು ಕೂತಿತು. ಟರ್ನರಪ್ಪ ಮರದ ಬೆಣೆ ಬಡಿದು ನಿಲ್ಲಿಸಿದ. ಎರಡನೇ ವಾರ ಎಡಕ್ಕೆ ತಿರುಗಿಸಿದರೆ ಹಾರನ್ ತಾನಾಗಿ ಕೂಗಿತು. ಮೂರನೇ ವಾರ ಕ್ಲಚ್ ಕೇಬಲ್. ಬೆಳಗ್ಗೆ ಆರಕ್ಕೆಲ್ಲ ಮನೆ ಕಾರಿನ ಸುತ್ತ ನಿಂತಿರುತ್ತಿತ್ತು. ಟರ್ನರಪ್ಪ ನೀರು, ಆಯಿಲ್ ನೋಡುವನು, ಅಥವಾ ಆಯಿಲ್ ಅಳೆಯುವ ಕಡ್ಡಿಯನ್ನು ಬೆರಳಲ್ಲಿ ಸವರಿ ನೋಡಿದೆನೆನ್ನುವನು. ಅಜ್ಜಿ ಹಳೆಯ ಪತ್ರಿಕೆಯಿಂದ ಗಾಜು ಒರೆಸುವಳು. ಮೊಮ್ಮಗಳು ಹಲ್ಲುಜ್ಜುತ್ತಲೇ ಹಿಂದಿನಿಂದ ನೂಕುವಳು.

“ಇದು ಕಾರಲ್ಲ ತಾತ, ಅತ್ತೆ. ಇಟಲಿ ಅತ್ತೆ. ಎಬ್ಬಿಸಿದ್ರೂ ಮುನಿಸು, ಕೂರಿಸಿದ್ರೂ ಮುನಿಸು. ಮನೇಲಿ ಎಲ್ಲಾರೂ ಸೇವೆ ಮಾಡ್ಬೇಕು.”

“ಅತ್ತೆ ಆದ್ರೂ ನಿಮ್ಮಮ್ಮನ್ನ ಹೊತ್ಕೊಂಡು ಹೋಗ್ತಿದಾಳಲ್ಲ,” ಎಂದಳು ಅಜ್ಜಿ. “ನಮ್ಮತ್ತೆ ನನ್ನ ಹೆಗಲೇರಿದ್ದೇ ಹೊರತು ಇಳೀಲಿಲ್ಲ.”

ಊಟದಲ್ಲಿ ಮಾಂಸ ನಿಂತಿತು. ಮೊಟ್ಟೆ ನಾಲ್ಕರಿಂದ ಎರಡಾಗಿ, ಮಧ್ಯಕ್ಕೆ ಸೀಳಿಕೊಂಡು ತಟ್ಟೆಗೆ ಬಂತು. ಮೊಮ್ಮಗಳ ಕಾಲೇಜಿನ ಪ್ರವಾಸಕ್ಕೆಂದು ತೆಗೆದಿಟ್ಟಿದ್ದು ಕ್ಲಚ್ಚಿಗೆ ಹೋದಾಗ ಮಾತ್ರ ಅವಳು ಎರಡು ದಿನ ಯಾರನ್ನೂ ಮಾತಾಡಿಸಲಿಲ್ಲ, ಕಾರನ್ನೂ ನೂಕಲಿಲ್ಲ.

ಆದರೂ ಸಂಜೆ ಮಗಳು ಬಂದಳೆಂದರೆ ಮನೆಗೆ ಹೊರಗಿನ ಗಾಳಿ ಬೀಸುತ್ತಿತ್ತು. ಅವಳ ಮೊದಲ ಭೇಟಿ, ಏಳು ಗಂಟೆಗೆ, ಬೆಟ್ಟದ ಬದಿಯ ಒಂಟಿ ಮನೆಯಲ್ಲಿದ್ದ ನಿವೃತ್ತ ಶಾಲಾ ಉಪಾಧ್ಯಾಯಿನಿಯೊಬ್ಬಳದು. ಸಕ್ಕರೆ ಕಾಯಿಲೆ; ನೆನಪು ಸವೆಯುತ್ತಿತ್ತು. ಮನೆಯಲ್ಲೆಲ್ಲ ಅವಳು ‘ಟೀಚರಮ್ಮ’.

“ಇವತ್ತು ಟೀಚರಮ್ಮ ಏನಂದ್ರು ಗೊತ್ತಾ? ‘ನೀನು ಬಂದಾಗ ನನ್ನ ಗಡಿಯಾರಾನ ಏಳಕ್ಕೆ ತಿರುಗಿಸ್ತೀನಿ ಕಣೇ. ಅದು ತಪ್ಪಬಹುದು, ನೀನು ತಪ್ಪಲ್ಲ,’ ಅಂತ. ನನ್ನ ಅಕ್ಷರ ಚೆನ್ನಾಗಿಲ್ಲ ಅಂತ ಚಾರ್ಟಿನ ಮೇಲೆ ತಿದ್ದಿಸಿದ್ರು!”

ಅದನ್ನು ಹೇಳುವಾಗ ಅವಳ ದನಿಯಲ್ಲಿ, ಎಷ್ಟೋ ವರ್ಷದ ಮೇಲೆ ತೆರೆದ ಪೆಟ್ಟಿಗೆಯಿಂದ ಹೊರಟ ಪರಿಮಳದಂತೆ, ಹುಡುಗಿತನದ್ದೇನೋ ಸುಳಿಯುತ್ತಿತ್ತು. ಟರ್ನರಪ್ಪ ಮುಖ ಕಾಣದೆ ದನಿಯನ್ನಷ್ಟೇ ನೋಡುತ್ತ ಕೂರುತ್ತಿದ್ದ.

ಆರನೇ ವಾರ ಎಂಜಿನ್ನಿನೊಳಗಿಂದ ಜೀರುಂಡೆಯಂಥ ಸದ್ದು ಹೊರಟಿತು. ಟರ್ನರಪ್ಪನೇ ಪಕ್ಕದಲ್ಲಿ ಕೂತು ಮಗಳ ಜತೆ ಗ್ಯಾರೇಜಿಗೆ ಹೋದ. ಗ್ಯಾರೇಜಿನವನು ನಲವತ್ತೈದು ದಾಟಿದ, ಬೊಜ್ಜು ಬಂದ ಮನುಷ್ಯ. ಕಾರ್ಖಾನೆಯಲ್ಲಿ ಟರ್ನರಪ್ಪನ ಕೈಯಲ್ಲಿ ಗೆಣ್ಣಿಗೆ ಏಟು ತಿಂದು ಪಳಗಿದ ಶಿಷ್ಯ. ಮಗಳು ಅಂಗಡಿ ಕಡೆ ಹೋದಾಗ ಅವನು ಬಾನೆಟ್ಟಿನ ಕೆಳಗಿಂದ ತಲೆಯೆತ್ತಿದ.

“ಮೇಷ್ಟ್ರೇ, ಟೈಮಿಂಗ್ ಬೆಲ್ಟಿನ ಪುಲ್ಲಿ ಹೋಗಿದೆ. ಬೇರಿಂಗ್ ಇಲ್ಲೇ ಸಿಗುತ್ತೆ. ಅದು ಕೂರೋ ಒಳಗಿನ ಬುಷ್ಷು ಸವೆದುಹೋಗಿದೆ. ಅದು ಇಲ್ಲಿ ಸಿಗಲ್ಲ. ಆರ್ಡರ್ ಹಾಕಿದ್ರೆ ಐದು ವಾರ.”

“ಹಾಗೇ ಓಡಿಸಿದ್ರೆ?”

“ಬೆಲ್ಟ್ ಹರೀತು ಅಂದ್ರೆ ವಾಲ್ವು, ಪಿಸ್ಟನ್ನು ಒಂದಕ್ಕೊಂದು ಗುದ್ದಿಕೊಂಡು ಎಂಜಿನ್ ಚಿಂದಿ. ಆಮೇಲೆ ಗುಜರಿಗೇ. ಒಂದು ಕೆಲಸ ಮಾಡಿ. ನನ್ನ ಹಳೇ ವ್ಯಾನು ಸುಮ್ನೆ ನಿಂತಿದೆ. ಐದು ವಾರ ಅಕ್ಕ ಅದನ್ನೇ ಓಡಿಸ್ಲಿ.”

“ನನ್ನ ಮಗಳು ಗ್ರೀಸು ನಾರೋ ವ್ಯಾನಲ್ಲಿ ರೋಗಿಗಳ ಮನೆಗೆ ಹೋಗ್ಬೇಕಾ?”

“ತೊಳೆದು ಕೊಡ್ತೀನಿ ಮೇಷ್ಟ್ರೇ.”

“ಬುಷ್ ಬಿಚ್ಚಿ ಇಲ್ಲಿ ಕೊಡು.”

“ಮೇಷ್ಟ್ರೇ…”

“ಕೊಡೋ. ನಿನ್ನ ಐದು ವಾರ ನನಗೆ ಅರ್ಧ ದಿನದ ಕೆಲಸ. ಇಂಥ ಸಾವಿರ ಕಡೆದಿದೀನಿ, ನೀನು ಚಡ್ಡಿ ಹಾಕೋಕೆ ಕಲಿಯೋ ಮೊದಲು.”

ಶಿಷ್ಯ ಕೈ ಒರೆಸಿಕೊಂಡು, ಉಂಗುರದಂಥ ಆ ಉಕ್ಕಿನ ತುಣುಕನ್ನು ಬಿಚ್ಚಿಕೊಟ್ಟ. ವ್ಯಾನಿನ ಮಾತನ್ನು ಟರ್ನರಪ್ಪ ಮಗಳಿಗೆ ಹೇಳಲಿಲ್ಲ.

ಅಂದು ಶನಿವಾರ. ಮನೆಯ ಹಿಂದಿನ ತಗಡಿನ ಷೆಡ್ಡಿನಲ್ಲಿ, ಕಾರ್ಖಾನೆ ಮುಚ್ಚಿದಾಗ ಕೊಂಡು ತಂದಿದ್ದ ಚಿಕ್ಕ ಲೇತ್ ಇತ್ತು. ಅವನು ಅದರ ಮೈ ಒರೆಸಿ, ಉಕ್ಕಿನ ಸರಳನ್ನು ಕಚ್ಚಿಸಿ, ಚಾಲೂ ಮಾಡಿದ. ಆ ಗುಂಯ್‌ಗುಡುವಿಕೆ ಕಿವಿಗೆ ಬಿದ್ದದ್ದೇ ಬೆನ್ನು ನೆಟ್ಟಗಾಯಿತು. ಸಿಂಬೆಸಿಂಬೆಯಾಗಿ ನೀಲಿ ತಿರುಗಿದ ಉಕ್ಕಿನ ಹೊಟ್ಟು ಪಾದದ ಸುತ್ತ ಬಿತ್ತು. ಕೈಗೆ ಎಲ್ಲವೂ ನೆನಪಿತ್ತು.

ನೆನಪಿಲ್ಲದ್ದು ಕಣ್ಣಿಗೆ. ಹಳೆಯ ಬುಷ್ಷಿನ ಸವೆಯದ ಅಂಚನ್ನು ಮೈಕ್ರೋಮೀಟರಿನ ದವಡೆಗೆ ಸಿಕ್ಕಿಸಿ ಓದಲು ಹೋದರೆ ಗೆರೆಗಳು ಒಂದರೊಳಗೊಂದು ಕರಗಿ ಹೊಗೆಯಂತೆ ನಿಂತವು. ಕಿಟಕಿಗೆ ಹಿಡಿದ. ಬಾಗಿಲಿಗೆ ಹಿಡಿದ. ಇಪ್ಪತ್ತೆರಡು ಮಿಲಿಮೀಟರ್ ಸರಿ; ಅದರ ಮೇಲಿನ ನೂರರ ಪಾಲು ಹದಿನೆಂಟೋ, ಇಪ್ಪತ್ತನಾಲ್ಕೋ? ಹತ್ತು ಹೆಜ್ಜೆ ಆಚೆ, ಹಿತ್ತಿಲ ಮೆಟ್ಟಿಲ ಮೇಲೆ, ಮೊಮ್ಮಗಳು ಪಾಠ ಓದಿಕೊಳ್ಳುತ್ತಿದ್ದಳು. ಅವಳ ಕಣ್ಣು ಹದ್ದಿನ ಕಣ್ಣು.

ಹೆಂಡತಿ ಟೀ ತಂದಳು. ಅವನು ಮೈಕ್ರೋಮೀಟರನ್ನು ಮೂಗಿಗೆ ತಾಗಿಸಿಕೊಂಡು ನಿಂತದ್ದನ್ನು ನೋಡಿದಳು.

“ಅವಳನ್ನ ಕರೀಲಾ? ಓದಿ ಹೇಳ್ತಾಳೆ.”

“ಯಾಕೆ, ನಾನೇನು ಕುರುಡನಾ?”

ಅವಳು ಟೀ ಲೋಟವನ್ನು ಲೇತಿನ ಪಕ್ಕಕ್ಕಿಟ್ಟಳು.

“ಮೂವತ್ತೆಂಟು ವರ್ಷ ಕಣೇ. ಕೈಯೇ ಹೇಳುತ್ತೆ.”

“ಲೋಟ ಎಡಗಡೆ ಇಟ್ಟಿದೀನಿ,” ಎಂದು ಅವಳು ಹೊರಟುಹೋದಳು.

ಹದಿನೆಂಟು, ಎಂದಿತು ಕೈ. ಹದಿನೆಂಟಕ್ಕೆ ಅವನು ಕಡೆದ. ಮುಗಿದ ಬುಷ್ಷನ್ನು ಹೆಬ್ಬೆರಳಲ್ಲಿ ಸವರಿದ; ಬೆಳ್ಳಿಯ ಉಂಗುರದ ಹಾಗೆ ನುಣುಪು, ಎಲ್ಲಿಯೂ ಒಂದು ಗೀರಿಲ್ಲ. ಸೋಮವಾರ ಬೆಳಗಾಗುವುದರೊಳಗೆ ಅದು ಎಂಜಿನ್ನಿನ ಒಡಲಲ್ಲಿತ್ತು. ಜೀರುಂಡೆ ಸುಮ್ಮನಾಯಿತು.

“ಅಪ್ಪಾ! ರೇಷ್ಮೆ ಹಾಗೆ ಓಡ್ತಿದೆ,” ಎಂದು ಮಗಳು ಸಂಜೆ ಅವನ ಕೊರಳಿಗೇ ಬಿದ್ದಳು. “ಟೀಚರಮ್ಮಂಗೆ ಹೇಳಿದೆ, ನಮ್ಮಪ್ಪ ಕಾರಿನ ಸಾಮಾನು ಮನೇಲೇ ಮಾಡ್ತಾರೆ ಅಂತ. ‘ಅಂಥ ಅಪ್ಪನ್ನ ಇಟ್ಕೊಂಡು ಅಕ್ಷರ ಮಾತ್ರ ಹೀಗಾ?’ ಅಂದ್ರು!”

ಆ ಮೇಲಿನ ನಾಲ್ಕೂವರೆ ವಾರ ಆ ಮನೆಯ ಒಳ್ಳೆಯ ದಿನಗಳು. ಭಾನುವಾರ ಕೋಳಿ ಬಂತು. ಮೊಟ್ಟೆ ಮತ್ತೆ ಇಡಿಯಾಯಿತು. ಮಗಳು ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತ, “ಇನ್ನು ಹದಿಮೂರೇ ದಿನ ಅಮ್ಮ, ಆಮೇಲೆ ನನ್ನನ್ನ ಯಾರೂ ತೆಗೆಯೋ ಹಾಗಿಲ್ಲ,” ಎಂದಳು. ಮೊಮ್ಮಗಳು ಕಾರಿನ ಮೂಗಿಗೆ ಕುಂಕುಮದಂತೆ ಕೆಂಪು ಸ್ಟಿಕ್ಕರ್ ಅಂಟಿಸಿ, “ಅತ್ತೆ ಈಗ ಸಮಾಧಾನವಾಗಿದಾಳೆ, ಯಾರೂ ಕೆಣಕಬೇಡಿ,” ಎಂದಳು. ಟರ್ನರಪ್ಪ ಹೆಂಡತಿಯ ಕಡೆ ತಿರುಗಿ, “ನೋಡಿದ್ಯಾ?” ಎಂದ. “ನೋಡ್ತಿದೀನಿ,” ಎಂದಳು ಅವಳು.

ಹನ್ನೊಂದನೇ ವಾರದ ಗುರುವಾರ, ಏಳಕ್ಕೆ ಅರ್ಧ ಗಂಟೆಯಿದ್ದಾಗ, ಬೆಟ್ಟದ ಏರಿನ ನಡುವೆ ಬೆಲ್ಟ್ ಹರಿಯಿತು. ಒಂದು ಪಟಾರನೆಯ ಸದ್ದು, ಮೂಳೆ ಮುರಿದಂತೆ ಒಳಗೆ ನಾಲ್ಕು ಪೆಟ್ಟು, ಆಮೇಲೆ ಏನೂ ಇಲ್ಲ. ಮಗಳು ಆಫೀಸಿಗೆ ಫೋನು ಮಾಡಿದಳು. “ಬೇರೆಯವರನ್ನ ಕಳಿಸ್ತೀವಿ,” ಎಂದರು. ಕಳಿಸಿದರು, ಆದರೆ ಬದಲಿ ನರ್ಸು ಟೀಚರಮ್ಮನ ಮನೆ ಹುಡುಕಿ ಬಾಗಿಲು ತಟ್ಟಿದಾಗ ಹತ್ತೂವರೆ. ಮಗಳು ಕಾರನ್ನು ಅಲ್ಲೇ ಬಿಟ್ಟು ನಡೆದಿದ್ದಳು, ಓಡಿದ್ದಳು. ಅವಳು ತಲುಪಿದ್ದೂ ಅವರಿಗಿಂತ ಸ್ವಲ್ಪ ಮುಂಚೆಯಷ್ಟೇ.

ಟೀಚರಮ್ಮ ಕಾದಿದ್ದಳು. ನರ್ಸು ಬಾರದ್ದಕ್ಕೆ ತಾನೇ ಇನ್ಸುಲಿನ್ ಚುಚ್ಚಿಕೊಂಡಿದ್ದಳು. ಚುಚ್ಚಿಕೊಂಡದ್ದು ಮರೆತು ಇನ್ನೊಮ್ಮೆ ಚುಚ್ಚಿಕೊಂಡಿದ್ದಳು. ಕಿಟಕಿಯ ಬಳಿಯ ಕುರ್ಚಿಯಿಂದ ಜಾರಿ ಬಿದ್ದಿದ್ದಳು. ಪಕ್ಕದಲ್ಲಿ ಬಿದ್ದಿದ್ದ ಗಡಿಯಾರದ ಮುಳ್ಳು ಏಳರ ಮೇಲಿತ್ತು.

ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಟೀಚರಮ್ಮ ಇನ್ನು ಆ ಮನೆಗೆ ಮರಳುವುದಿಲ್ಲವೆಂದು ಗೊತ್ತಾದ ದಿನವೇ ಮಗಳನ್ನು ಆಫೀಸಿಗೆ ಕರೆದರು. ಯಾರೂ ಗದರಲಿಲ್ಲವಂತೆ. ಕುಡಿಯಲು ನೀರು ಕೊಟ್ಟರಂತೆ. ನಿಯಮದ ಹಾಳೆ ಮುಂದಿಟ್ಟು, ಗುರುತಿನ ಚೀಟಿ ವಾಪಸು ಪಡೆದರಂತೆ. ಬೇರೆ ಯಾವ ಸಂಸ್ಥೆ ಕೇಳಿದರೂ ನಡೆದದ್ದನ್ನು ಹೇಳಲೇಬೇಕಾಗುತ್ತದೆ, ಕ್ಷಮಿಸಿ, ಎಂದರಂತೆ.

“ಹಾಳು ಕಾರು!” ಎಂದಳು ಮೊಮ್ಮಗಳು. ನಗಲಿಲ್ಲ. “ಆ ಹಲ್ಲಿನ ಡಾಕ್ಟರು ಗೊತ್ತಿದ್ದೇ ಮಾರಿದಾನೆ.”

ಮಗಳು ಸಮವಸ್ತ್ರ ಒಗೆದು, ಇಸ್ತ್ರಿ ಮಾಡಿ, ಮಡಿಸಿ, ಚೀಲಕ್ಕೆ ಹಾಕಿದಳು. ಅದನ್ನೂ ವಾಪಸು ಕೊಡಬೇಕಿತ್ತು.

ಮರುದಿನ ಟರ್ನರಪ್ಪ ಗೋಡೆ ಹಿಡಿದು ಹಿಡಿದು ಒಬ್ಬನೇ ಗ್ಯಾರೇಜಿಗೆ ಹೋದ. ನಿಂಬೆ ಬಣ್ಣದ ಮಸುಕೊಂದು ಮೂಲೆಯಲ್ಲಿ ನಿಂತಿತ್ತು. ಶಿಷ್ಯ ಸ್ಟೂಲು ಎಳೆದು ಹಾಕಿದ, ತಾನು ನಿಂತೇ ಇದ್ದ.

“ಗುಜರಿಯವನು ನಾಳೆ ಬರ್ತಾನೆ ಮೇಷ್ಟ್ರೇ. ಎಂಜಿನ್ ಇಲ್ಲ ಇನ್ನು.”

“ಬೆಲ್ಟಾ?”

“ಬೆಲ್ಟು ಅಂಚಿಗೆ ಸರಿದು ಸರಿದು ನಾರು ನಾರಾಗಿದೆ.” ಅವನು ಹರಿದ ಬೆಲ್ಟನ್ನು ಬದಿಗಿಟ್ಟ. “ಪುಲ್ಲಿ ಓಲಾಡ್ತಿತ್ತು.”

ಟರ್ನರಪ್ಪ ಕೈ ಚಾಚಿದ. ಶಿಷ್ಯ ಆ ಅಂಗೈಯಲ್ಲಿ ಬುಷ್ ಇಟ್ಟ. ಈಗಲೂ ನುಣುಪು.

“ಅಳೆದ್ಯಾ?”

“ಹೂಂ.”

“ಎಷ್ಟು?”

“ಇಪ್ಪತ್ತನಾಲ್ಕಿರಬೇಕಿತ್ತು. ಹದಿನೆಂಟಿದೆ. ಆರು ಕಮ್ಮಿ.”

ಆರು ಪಾಲು. ತಲೆಯಿಂದ ಕಿತ್ತ ಒಂದು ಕೂದಲಿನಷ್ಟು.

“ಯಾವಾಗ ಅಳೆದೆ, ಇವತ್ತಾ?”

ಶಿಷ್ಯ ಕೈಯ ಗ್ರೀಸನ್ನು ಚಿಂದಿಯಿಂದ ಒರೆಸಿಕೊಂಡ. ಆಚೆ ಯಾರೋ ಕಬ್ಬಿಣ ಬಡಿಯುತ್ತಿದ್ದುದು ನಿಂತಿತು.

“ಅವತ್ತೇ ಅಳೆದಿದ್ದೆ ಮೇಷ್ಟ್ರೇ. ಕೂರಿಸೋವಾಗಲೇ ಬೇರಿಂಗು ಸ್ವಲ್ಪ ಸಡಿಲ ಅನ್ನಿಸ್ತು. ಮೈಕ್ರೋಮೀಟರ್ ಹಚ್ಚಿದೆ. ಹದಿನೆಂಟು ತೋರಿಸ್ತು.”

“ಮತ್ತೆ ಯಾಕೋ ಹಾಕ್ದೆ?”

“ನೀವು ಮಾಡಿದ್ದಲ್ವಾ.” ಎಂದ ಶಿಷ್ಯ. “ನನ್ನ ಮೈಕ್ರೋಮೀಟರೇ ಕೆಟ್ಟಿದೆ ಅಂದ್ಕೊಂಡೆ. ಹಳೇದು, ಒಂದೆರಡು ಸಲ ಕೆಳಗೆ ಬೇರೆ ಬಿದ್ದಿತ್ತು. ಆಮೇಲಿನ ವಾರ ಹೊಸದೇ ಒಂದು ಕೊಂಡ್ಕೊಂಡೆ ಮೇಷ್ಟ್ರೇ.”

ಟರ್ನರಪ್ಪ ಎದ್ದ. ಸ್ಟೂಲಿನ ಕಾಲು ತೊಡರಿತು, ಶಿಷ್ಯ ಹಿಡಿದುಕೊಂಡ. ಹಿಡಿದ ಕೈ ಬಿಡದೆ ಕೇಳಿದ: “ಅಕ್ಕಂಗೆ ಏನು ಹೇಳ್ಲಿ?”

“ನಾನು ಹೇಳ್ತೀನಿ,” ಎಂದ ಟರ್ನರಪ್ಪ. “ನಾನೇ ಹೇಳ್ತೀನಿ.”

ದಾರಿಯುದ್ದಕ್ಕೂ ಆ ಮಾತನ್ನು ಅವನು ಕಡೆದು ಕಡೆದು ಅಳತೆಗೆ ತಂದ. ವ್ಯಾನಿತ್ತು, ಬೇಡವೆಂದೆ. ಓದಲು ಆಗಲಿಲ್ಲ, ಕರೆಯಲಿಲ್ಲ. ಎರಡೇ ವಾಕ್ಯ. ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಅವು ಬಾಯಲ್ಲಿ ಸಿದ್ಧವಾಗಿದ್ದವು.

ಮೇಜಿನ ಮೇಲೆ ಊಟ ಇಟ್ಟಾಗಿತ್ತು. ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಬೇಳೆಯ ಸಾರು. ಸೀಳಿದ ಮೊಟ್ಟೆ. ಬಾಗಿಲಲ್ಲಿ ನಿಂತ ಅವನ ಮುಖವನ್ನೂ, ಮುಷ್ಟಿಯಿಂದ ಅಂಗಿಯ ಜೇಬಿಗಿಳಿದ ಉಕ್ಕಿನ ಉಂಗುರವನ್ನೂ ಹೆಂಡತಿ ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಅವಳು ಕಾದಳು.

ಅವನು ಬಾಯಿ ತೆರೆಯುವ ಮೊದಲೇ ಮಗಳು ಮಾತಾಡಿದಳು.

“ಅಪ್ಪ, ನಾನೊಂದು ಹೇಳ್ಬೇಕು.” ಅಳು ಬತ್ತಿದ ದನಿ. “ನೀವು ಬೇಡ ಅಂದ್ರಿ. ಇದೇ ಮೇಜಲ್ಲಿ ಕೂತು ಹೇಳಿದ್ರಿ. ಸಾಮಾನು ಸಿಗಲ್ಲ, ಇಟಲಿದು ಬೇಡ ಅಂತ. ನಾನು ಅದರ ಮುಖ ನೋಡಿದೆ. ನಿಮ್ಮ ಗಂಟು ಕರಗಿಸಿದೆ. ಆ ಟೀಚರಮ್ಮನ್ನ…” ಅವಳು ಕುರ್ಚಿಯ ಬೆನ್ನು ಹಿಡಿದಳು. “ನಿಮ್ಮ ಮಾತು ಕೇಳಿದ್ರೆ ಇಷ್ಟಾಗ್ತಿರಲಿಲ್ಲ. ತಪ್ಪಾಯ್ತು ಅಪ್ಪ. ನನ್ನನ್ನ ಕ್ಷಮಿಸಿಬಿಡಿ.”

ಜೇಬಿನಲ್ಲಿ ಬುಷ್ ಎದೆಗೆ ತಾಗುತ್ತಿತ್ತು. ಎರಡು ವಾಕ್ಯ. ಅವನು ಮಗಳ ಕಡೆ ನೋಡಿದ. ಅಲ್ಲಿ ಒಂದು ಬಿಳಿ ಮಂಜಿತ್ತು, ಮಂಜಿನೊಳಗಿಂದ ಉಸಿರು ಕೇಳುತ್ತಿತ್ತು. ಉಸಿರು ತನ್ನ ಮಾತಿಗಾಗಿ ನಿಂತಿದೆ ಎಂದು ಅವನಿಗೆ ಗೊತ್ತಾಯಿತು.

“ಹೋಗ್ಲಿ ಬಿಡು ಮಗಳೇ,” ಎಂದ ಟರ್ನರಪ್ಪ. “ತಪ್ಪು ಯಾರು ಮಾಡಲ್ಲ?”

ಮಗಳು ಅವನ ಕೈಯ ಮೇಲೆ ಹಣೆಯಿಟ್ಟು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಹಗುರವಾದವಳಂತೆ, ತನ್ನ ಪಾಲಿನ ಅರ್ಧ ಮೊಟ್ಟೆಯನ್ನು ತೆಗೆದು ಅವನ ತಟ್ಟೆಗೆ ಹಾಕಿದಳು. “ತಿನ್ನಿ ಅಪ್ಪ. ಮುಖ ಎಷ್ಟು ಸೊರಗಿದೆ.”

ಎಲ್ಲರೂ ಕೂತರು. ಹೆಂಡತಿ ಬಡಿಸಿದಳು: ಆಲೂಗಡ್ಡೆ, ಬ್ರೆಡ್ಡು, ಸಾರಿನ ಬಟ್ಟಲು. ಬಡಿಸುತ್ತ ಅವಳು ಏನನ್ನೂ ಹೇಳಲಿಲ್ಲ. ಬಲಗಡೆ ಎನ್ನಲಿಲ್ಲ, ಎಡಗಡೆ ಎನ್ನಲಿಲ್ಲ. ಟರ್ನರಪ್ಪ ಚಮಚ ಹಿಡಿದು ಆ ಮಾತಿಗಾಗಿ ಕಾದ. ಅವಳು ತನ್ನ ಕುರ್ಚಿಯಲ್ಲಿ ಕೂತು, ತನ್ನ ಬ್ರೆಡ್ಡು ಮುರಿದುಕೊಂಡಳು.

ಅವನು ಚಮಚ ಇಳಿಸಿದ. ಅದು ಪಿಂಗಾಣಿಯ ಮೇಲೆ ಕೆರೆಯಿತು. ಇನ್ನಷ್ಟು ಸರಿಸಿದ; ಮತ್ತೆ ಕೆರೆಯಿತು. ಮೇಜಿನ ಸುತ್ತ ಯಾರೂ ಅಗಿಯುತ್ತಿರಲಿಲ್ಲ.

“ತಾತ,” ಎಂದಳು ಮೊಮ್ಮಗಳು ಮೆಲ್ಲಗೆ, “ಆ ಕಡೆ ಏನೂ ಇಲ್ಲ.”